ನಾಟಿ ಕಾಲು, ಸೀಮೆ ಕಾಲು

ಹೋದ ತಿಂಗಳು ಬಂದಿದ್ದ ಮೊಮ್ಮಗಳು ನನ್ನ ಮಣಿಕಟ್ಟಿಗೆ ಒಂದು ಕರಿಯ ಪಟ್ಟಿ ಕಟ್ಟಿ ಹೋಗಿದ್ದಾಳೆ. ಗಂಟೆ ತೋರಿಸುವುದಕ್ಕೆ ಎಂದುಕೊಂಡಿದ್ದೆ. ಅಲ್ಲವಂತೆ, ಅದರ ಮುಖ್ಯ ಕಸುಬು ಹೆಜ್ಜೆ ಎಣಿಸುವುದಂತೆ. ಮೊನ್ನೆ ಕುರ್ಚಿಯ ಮೇಲೆ ಕೂತು ಚಪಾತಿ ಹಿಟ್ಟು ನಾದುತ್ತಿದ್ದೆ. ಆ ಪಟ್ಟಿ ಗುರ್ರೆಂದು ಅದುರಿ, ಇನ್ನೂರು ಹೆಜ್ಜೆ ನಡೆದಿರಿ, ಭೇಷ್ ಎಂಬ ಅರ್ಥದಲ್ಲಿ ದೀಪ ಹಚ್ಚಿತು. ಕಾಲು ಕದಲಿಲ್ಲ. ಕೈ ಅಲ್ಲಾಡಿತು, ಅಷ್ಟೇ. ಅಷ್ಟಕ್ಕೇ ನಡೆದೆ ಎಂದು ತೀರ್ಪು! ನನಗೆ ಎಂಥ ಸಿಟ್ಟು ಬಂತೆಂದರೆ, ಹಿಟ್ಟಿನ ಕೈಯಲ್ಲೇ ಅದನ್ನು ಕಿತ್ತು ಎಸೆದೆ. ಸೊಸೆ ಒಳಗಿನಿಂದ ಓಡಿ ಬಂದಳು.

"ಅತ್ತೆ, ಅದು ಮಷೀನು. ಕಾಲು ನೋಡೋಕೆ ಅದಕ್ಕೇನು ಕಣ್ಣಿದ್ಯಾ?" ಎಂದಳು.

ಕಣ್ಣಿಲ್ಲದ್ದನ್ನು ಕ್ಷಮಿಸಬಹುದು, ಕ್ಷಮಿಸಿ ಮತ್ತೆ ಕಟ್ಟಿಕೊಂಡೂ ಇದ್ದೇನೆ. ಆದರೆ ಎರಡು ಕಣ್ಣಿದ್ದು, ಅವುಗಳ ಮೇಲೆ ಕನ್ನಡಕವೂ ಇದ್ದು, ಕಾಲು ನೋಡದೆ ಕಾಲಿನ ತಪ್ಪು ಹಿಡಿದ ಮನುಷ್ಯನೊಬ್ಬನನ್ನು ನಾನು ಹದಿನೈದನೇ ವಯಸ್ಸಿನಲ್ಲಿ ಕಂಡಿದ್ದೇನೆ. ಅರವತ್ತು ವರ್ಷವಾಯಿತು, ಇನ್ನೂ ಬಿಡಬಾರದೇ ಎಂದು ನೀವು ಕೇಳಬಹುದು. ಬಿಡುವುದಿಲ್ಲ. ನನಗೆ ಬಿ.ಪಿ. ಇದೆ, ಮಂಡಿ ನೋವಿದೆ, ಅವುಗಳ ಜೊತೆಗೆ ಇದೂ ಇರಲಿ.

ನಾನು ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದೆ ಎಂದರೆ ಮನೆಯಲ್ಲಿ ಯಾರೂ ನಂಬುವುದಿಲ್ಲ. ಆಡುತ್ತಿದ್ದೆ ಎನ್ನುವುದಕ್ಕಿಂತ, ಆಟ ನಡೆಯುವಾಗ ಅದರ ಮಧ್ಯದಲ್ಲಿ ಇರುತ್ತಿದ್ದೆ ಎನ್ನುವುದು ಹೆಚ್ಚು ಸರಿ. ಅರವತ್ತರ ದಶಕದ ಮೊದಲ ವರ್ಷಗಳು, ಊರು ಶಿಡ್ಲಘಟ್ಟ. ನಮ್ಮ ಹೈಸ್ಕೂಲಿನ ಹಿಂದೆ ಮಣ್ಣಿನ ಅಂಗಳ, ಎರಡು ತುದಿಗೆ ಎರಡು ಸರ್ವೆ ಕಂಬ, ಅವುಗಳ ಮೇಲೆ ಹಲಗೆ. ಹಲಗೆಗೆ ಗಾಡಿ ಚಕ್ರಕ್ಕೆ ಪಟ್ಟಾ ಕಟ್ಟುವ ಆಚಾರಿಯೇ ಬಡಿದುಕೊಟ್ಟ ಕಬ್ಬಿಣದ ಬಳೆ. ಬಲೆ ಇರಲಿಲ್ಲವಾದ್ದರಿಂದ ಚೆಂಡು ಬಳೆಯ ಒಳಗಿಂದ ಬಿತ್ತೋ ಹೊರಗಿಂದ ಬಿತ್ತೋ ಎಂಬ ಜಗಳ ದಿನವೂ ಇರುತ್ತಿತ್ತು. ಚೆಂಡಿನ ಬಾಯಿಗೆ ತೊಗಲಿನ ದಾರ ಹಾಕಿ ಬಿಗಿದಿದ್ದರು. ಆ ಗಂಟು ನೆಲಕ್ಕೆ ತಾಗಿದರೆ ಚೆಂಡು ಹೇಳದೆ ಕೇಳದೆ ಪಕ್ಕಕ್ಕೆ ಓಡುತ್ತಿತ್ತು. ಗಾಳಿ ತಿರುಗಿದರೆ ರೇಷ್ಮೆ ಗೂಡು ಬೇಯಿಸುವ ವಾಸನೆ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ವಾಸನೆ ಎಂದೇ ಗೊತ್ತಿರಲಿಲ್ಲ.

ಈ ಆಟ ಕಲಿಸಿದವರು ನಮ್ಮ ಡ್ರಿಲ್ ಮೇಷ್ಟ್ರು. ಎಲ್ಲೋ ಹತ್ತು ದಿನದ ಶಿಬಿರಕ್ಕೆ ಹೋಗಿ ಕಲಿತು ಬಂದಿದ್ದರು. ಮನೆಮಾತು ತೆಲುಗು, ಪಾಠ ಕನ್ನಡ, ಕೈಯಲ್ಲಿದ್ದ ನಿಯಮದ ಪುಸ್ತಕ ಇಂಗ್ಲಿಷು. ಅದರಲ್ಲಿ 'ಟ್ರಾವೆಲಿಂಗ್' ಎಂಬ ಮಾತು ಬಂದ ದಿನ ಅವರು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, "ಟ್ರಾವೆಲಿಂಗ್ ಅಂದ್ರೆ ಪ್ರಯಾಣ. ಈ ಆಟದಾಗೆ ಪ್ರಯಾಣ ಮಾಡೋದು ತಪ್ಪು," ಎಂದರು. ನಾವೆಲ್ಲ ತಲೆಯಾಡಿಸಿದೆವು. ನಮ್ಮ ಮನೆಗಳಲ್ಲೂ ಹೆಣ್ಣುಮಕ್ಕಳಿಗೆ ಅದೇ ನಿಯಮವಿದ್ದುದರಿಂದ ಯಾರಿಗೂ ಹೊಸದೆನ್ನಿಸಲಿಲ್ಲ.

ಆಮೇಲೆ ಅವರೇ ನಡುವೆ ನಿಂತು ಮಾಡಿ ತೋರಿಸಿದರು. ಚೆಂಡು ಕೈಗೆ ಬಂದಾಗ ಒಂದು ಕಾಲು ನೆಲದಲ್ಲಿ ಊರಿರಬೇಕು. ಇನ್ನೊಂದು ಕಾಲನ್ನು ಮುಂದೆ, ಹಿಂದೆ, ಪಕ್ಕಕ್ಕೆ, ಎಲ್ಲಿ ಬೇಕಾದರೂ ಇಟ್ಟು ತಿರುಗಬಹುದು. ಮುಂದೆ ಹೋಗಬೇಕೆಂದರೆ ಚೆಂಡನ್ನು ನೆಲಕ್ಕೆ ಕುಟ್ಟುತ್ತ ಹೋಗಬೇಕು. ಚೆಂಡನ್ನು ಕೈಯಲ್ಲೇ ಹಿಡಿದುಕೊಂಡು ಊರಿದ ಕಾಲನ್ನು ಎತ್ತಿ ಬೇರೆ ಕಡೆ ಇಟ್ಟೆಯೋ, ಅದು ಟ್ರಾವೆಲಿಂಗು. ವಿಷಲ್ ಊದುತ್ತಾರೆ, ಚೆಂಡು ಎದುರಿನವರಿಗೆ ಹೋಗುತ್ತದೆ. ಇಷ್ಟನ್ನು ಹೇಳುವಷ್ಟರಲ್ಲಿ ಮೇಷ್ಟ್ರಿಗೆ ಕನ್ನಡ ಸಾಲದೆ ಬಂದು, "ಒಕ ಕಾಲು ನಾಟು, ಇಂಕೊಕಟಿ ತಿಪ್ಪು!" ಎಂದು ಕೂಗಿದರು. ಒಂದು ಕಾಲು ನೆಡು, ಇನ್ನೊಂದು ತಿರುಗಿಸು ಎಂದು. "ರಾಗಿ ಪೈರು ನಾಟಿ ಮಾಡ್ದಂಗೆ ನಾಟ್ಬೇಕಮ್ಮ, ಗಾಳಿ ಬಂದ್ರೂ ಕೀಳ್ಬಾರ್ದು."

"ಅಂಗಾರೆ ಅದು ನಾಟಿ ಕಾಲು," ಎಂದಳು ಹಿಂದಿನಿಂದ ಮುನಿರತ್ನ. "ತಿರುಗಾಡೋದು ಸೀಮೆ ಕಾಲು."

ನಾಟಿ ಹಸು, ಸೀಮೆ ಹಸು ಎನ್ನುವ ಊರಿನವರು ನಾವು. ಹುಡುಗಿಯರು ನಕ್ಕು ನಕ್ಕು ಮಣ್ಣಿನಲ್ಲೇ ಕೂತರು. ಮೇಷ್ಟ್ರೂ ನಕ್ಕರು. ಅಂದಿನಿಂದ ನಮ್ಮ ಅಂಗಳದಲ್ಲಿ ಇಂಗ್ಲಿಷಿನ ಮಾತು ಬಿದ್ದುಹೋಯಿತು. "ನಾಟಿ ಎತ್ತಿದ್ಲು, ನಾಟಿ ಎತ್ತಿದ್ಲು!" ಎಂದು ಕೂಗಿದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ಹೆಚ್ಚಾಗಿ ಅದು ನನ್ನನ್ನು ನೋಡಿಯೇ ಕೂಗುತ್ತಿದ್ದುದು. ನನ್ನ ಎರಡು ಕಾಲೂ ಸೀಮೆಯವೇ. ಚೆಂಡು ಕೈಗೆ ಬಂತೆಂದರೆ ಬಿಸಿ ಪಾತ್ರೆ ಹಿಡಿದವಳ ಹಾಗೆ ಕುಣಿದುಬಿಡುತ್ತಿದ್ದೆ.

ಮುನಿರತ್ನ ಊರಿನಿಂದ ಎರಡು ಮೈಲಿಯಾಚೆಯ ಹಳ್ಳಿಯವಳು. ಹೊಲ ಗದ್ದೆ ಇದ್ದ ಮನೆ. ಬೆಳಿಗ್ಗೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ದು ಹಾಕಿ, ನಡೆದು ಬರುತ್ತಿದ್ದಳು. ಅವಳ ಎಡಗಾಲು ನೆಟ್ಟರೆ ನೆಟ್ಟಿತು. ಆಟ ಮುಗಿದ ಮೇಲೆ ನಾನು ಅವಳು ನಿಂತ ಜಾಗ ನೋಡುತ್ತಿದ್ದೆ. ಮಣ್ಣಿನಲ್ಲಿ ಎಡಗಾಲಿನ ಮುಂಗಾಲು ತಿರುಗಿ ತಿರುಗಿ ಒಂದು ಗುಂಡನೆಯ ಕುಳಿ ಬಿದ್ದಿರುತ್ತಿತ್ತು, ಸುತ್ತಲೂ ಬಲಗಾಲಿನ ಗುರುತುಗಳು. ನನ್ನ ಜಾಗ ಕೋಳಿ ಕೆರೆದಂತಿರುತ್ತಿತ್ತು.

ಅವಳಿಗೆ ಡ್ರಿಲ್ ಟೀಚರ್ ಆಗಬೇಕೆಂದು ಆಸೆ. ಹೆಂಗಸರು ಡ್ರಿಲ್ ಟೀಚರ್ ಆಗಿದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಆದರೆ ಟ್ರೈನಿಂಗಿಗೆ ಹೆಣ್ಣುಮಕ್ಕಳನ್ನೂ ತೆಗೆದುಕೊಳ್ಳುತ್ತಾರೆ, ಜಿಲ್ಲಾ ಮಟ್ಟದಲ್ಲಿ ಆಡಿದ ಸರ್ಟಿಫಿಕೇಟು ಇದ್ದರೆ ಸಾಕು ಎಂದು ಮೇಷ್ಟ್ರು ಹೇಳಿದ್ದರು. ಅವಳ ಅಪ್ಪನೂ ಒಪ್ಪಿದ್ದ. "ಸರ್ಟಿಫಿಕೇಟು ತಾರಮ್ಮ, ಓದಸ್ತೀನಿ. ತರ್ದಿದ್ರೆ ಎಸ್ಸೆಸ್ಸೆಲ್ಸಿಗೇ ಸಾಕು," ಎಂದಿದ್ದನಂತೆ. ಅವಳು ಇದನ್ನು ನನಗೆ ಹೇಳಿದ್ದು ಬಾವಿಕಟ್ಟೆಯ ಮೇಲೆ ಕೂತು, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡು. ಆಗ ನಮ್ಮ ನಾಲ್ಕೂ ಊರು, ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಕೋಲಾರ ಜಿಲ್ಲೆಗೇ ಸೇರಿದ್ದವು. ನಾಲ್ಕು ಊರಿನ ಹುಡುಗಿಯರನ್ನು ಚಿಕ್ಕಬಳ್ಳಾಪುರದಲ್ಲಿ ಆಡಿಸಿ, ಹತ್ತು ಜನರನ್ನು ಆರಿಸಿ ಕೋಲಾರಕ್ಕೆ ಕಳಿಸುವುದು ಎಂದಾಯಿತು. ಕೋಲಾರದಲ್ಲಿ ಆಡಿದವರಿಗೆ ಸರ್ಟಿಫಿಕೇಟು.

ಆಟ ಶುಕ್ರವಾರ. ನಮ್ಮಜ್ಜಿ ಪಂಚಾಂಗ ಕೇಳದೆ ಹಿತ್ತಲಿಗೂ ಹೋಗದವರು. "ಶುಕ್ರವಾರ ಪಡುವಲಿಗೆ ವಾರಶೂಲೆ ಕಣೇ, ಆ ದಿಕ್ಕಿಗೆ ಪ್ರಯಾಣ ಕೂಡ್ದು," ಎಂದು ಬಾಗಿಲಿಗೆ ಅಡ್ಡ ನಿಂತರು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರ ನೆಟ್ಟಗೆ ಪಶ್ಚಿಮಕ್ಕಿದೆ, ಅದನ್ನು ಅತ್ತಿತ್ತ ಸರಿಸುವಂತಿರಲಿಲ್ಲ. ಕೊನೆಗೆ ನನ್ನ ಬಾಯಿಗೊಂದು ಬೆಲ್ಲದ ಚೂರು ತುರುಕಿ, ಮೂಡಲಿಗೆ ಮುಖ ಮಾಡಿಸಿ, ಏಳು ಹೆಜ್ಜೆ ನಡೆಸಿ, ಆಮೇಲೆ ಬಸ್‌ಸ್ಟ್ಯಾಂಡಿನ ದಾರಿಗೆ ಬಿಟ್ಟರು.

ಇಲ್ಲಿ ನನ್ನ ಲಂಗದ ವಿಷಯ ಹೇಳಲೇಬೇಕು. ಆಗ ನಾವು ಆಡುತ್ತಿದ್ದುದು ಲಂಗ ದಾವಣಿಯಲ್ಲೇ. ದಾವಣಿಯನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿದರೆ ಆಟದ ಉಡುಪಾಯಿತು. ಬೆಳೆಯುವ ಹುಡುಗಿ ಎಂದು ಅಜ್ಜಿ ನನ್ನ ಲಂಗವನ್ನು ದಪ್ಪ ಬಟ್ಟೆಯಲ್ಲಿ ಉದ್ದಕ್ಕೆ ಹೊಲಿಸಿ, ಅಂಚಿನ ಮೇಲೆ ಮೂರು ಮಡಿಕೆ ಒಳಕ್ಕೆ ಹಾಕಿಸುತ್ತಿದ್ದರು. ವರ್ಷಕ್ಕೊಂದು ಮಡಿಕೆ ಬಿಚ್ಚಬೇಕು. ನಾನೋ ಹನ್ನೆರಡಕ್ಕೇ ಬೆಳೆಯುವುದನ್ನು ನಿಲ್ಲಿಸಿದ್ದೆ. ಮೂರೂ ಮಡಿಕೆ ಹಾಗೇ ಉಳಿದು, ಲಂಗದ ಅಂಚು ಗೋಣಿಚೀಲದ ಭಾರವಾಗಿತ್ತು. ಒಳಗೆ ನಾನು ಕುಣಿದರೂ ಹೊರಗೆ ಅದು ಅಲ್ಲಾಡುತ್ತಿರಲಿಲ್ಲ. ಮುನಿರತ್ನನ ಲಂಗ ಅವಳ ಅಮ್ಮನ ಹಳೆಯ ವಾಯಿಲ್ ಸೀರೆಯದು. ತೆಳ್ಳಗೆ, ತುಂಬ ನೆರಿಗೆ. ಅವಳು ಉಸಿರು ಬಿಟ್ಟರೂ ಅದು ಹಾರಾಡುತ್ತಿತ್ತು.

ಚಿಕ್ಕಬಳ್ಳಾಪುರದಲ್ಲಿ ವಿಷಲ್ ಹಿಡಿದವರು ಬೇರೊಂದು ಕಡೆಯಿಂದ ಬಂದಿದ್ದ ಮೇಷ್ಟ್ರು. ಅವರ ಹೆಸರು ಹೇಳುವುದಿಲ್ಲ. ಮರೆತಿಲ್ಲ, ನನ್ನ ಬಾಯಲ್ಲಿ ಬರುವುದು ಬೇಡ ಅಷ್ಟೇ. ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು, ಚಿನ್ನದ ಬಣ್ಣದ ಕನ್ನಡಕ, ಬಲು ಮರ್ಯಾದಸ್ಥರು. ಯಾರನ್ನು ಕೋಲಾರಕ್ಕೆ ಕಳಿಸುವುದು ಎಂದು ಬರೆದುಕೊಡುವವರೂ ಅವರೇ.

ಚಿಂತಾಮಣಿಯವರ ಮೇಲೆ ನಮ್ಮ ಆಟ ಶುರುವಾಯಿತು. ಮುನಿರತ್ನ ಚೆಂಡು ಹಿಡಿದು, ಎಡಗಾಲು ನೆಟ್ಟು, ಬಲಗಾಲು ಹಿಂದೆಳೆದು ತಿರುಗಿದಳು. ವಿಷಲ್. ಎರಡು ಮುಷ್ಟಿಯನ್ನೂ ಎದೆಯ ಮುಂದೆ ರಾಟೆಯಂತೆ ತಿರುಗಿಸಿ, "ಟ್ರಾವೆಲಿಂಗ್!" ಎಂದರು. ಚೆಂಡು ಚಿಂತಾಮಣಿಗೆ ಹೋಯಿತು. ಮತ್ತೆ ಹಿಡಿದಳು, ತಿರುಗಿದಳು, ಮತ್ತೆ ವಿಷಲ್. ಅವಳು ಎತ್ತಿರಲಿಲ್ಲ. ನಾನು ಮೂರು ಮಾರು ದೂರದಲ್ಲಿದ್ದೆ, ನನ್ನ ಕಣ್ಣು ಇದ್ದದ್ದೇ ಆ ಕಾಲಿನ ಮೇಲೆ. ಅರ್ಧ ಆಟದೊಳಗೆ ಒಂಬತ್ತು ಸಲ ಊದಿದರು. ಆಚೆ ಕೂತ ಹುಡುಗರು ಅವಳ ಕೈಗೆ ಚೆಂಡು ಬಂದರೆ ಸಾಕು, "ರೈಟ್, ರೈಟ್!" ಎಂದು ಬಸ್ ಕಂಡಕ್ಟರ್ ಥರ ಕೂಗುವುದಕ್ಕೆ ಶುರು ಮಾಡಿದರು.

ಹತ್ತನೆಯ ಸಲ ವಿಷಲ್ ಊದಿದಾಗ ಅವಳು ಚೆಂಡು ಬಿಡಲಿಲ್ಲ. ನಿಂತಲ್ಲೇ ನಿಂತಳು.

"ಸಾರ್, ನಾನು ಕಾಲೆತ್ತಿಲ್ಲ. ಬಂದು ನೋಡಿ ಸಾರ್. ಮಣ್ಣಾಗೆ ಗುರ್ತಿದೆ. ನಾನು ಕದಲಲ್ಲ, ನೀವೇ ನೋಡಿ."

ಬೆಳಿಗ್ಗೆ ನೀರು ಚಿಮುಕಿಸಿದ್ದ ಕೆಂಪು ನೆಲ. ಗುರುತು ಅಚ್ಚೊತ್ತಿದಂತೆ ಇತ್ತು. ಅವರು ಬರಲಿಲ್ಲ. ಅಲ್ಲೇ ದೂರದಲ್ಲಿ ನಿಂತು, ಮುಖವನ್ನು ಬೇರೆ ಕಡೆ ತಿರುಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ನೋಡಮ್ಮ, ನಾನು ಹೆಣ್ಣುಮಕ್ಕಳ ಕಾಲು ನೋಡೋ ಅಂಥೋನಲ್ಲ."

"ಮತ್ತೆ ಕಾಲೆತ್ತಿದೆ ಅಂತ ಹೆಂಗೆ ಗೊತ್ತಾಯ್ತು ಸಾರ್?"

"ಲಂಗ ಅಲ್ಲಾಡ್ತು."

ನನ್ನ ಕಿವಿಯಿಂದಲೇ ಕೇಳಿದ್ದೇನೆ. ಲಂಗ ಅಲ್ಲಾಡಿತಂತೆ! ಹುಡುಗಿಯ ಒಂದು ಜನ್ಮದ ಆಸೆಯನ್ನು ಬಟ್ಟೆಯ ನೆರಿಗೆ ನೋಡಿ ತೀರ್ಮಾನ ಮಾಡಿದ ಮನುಷ್ಯ, ಅದನ್ನು ನಾಚಿಕೆಯಿಂದ ಹೇಳಲಿಲ್ಲ, ಹೆಮ್ಮೆಯಿಂದ ಹೇಳಿದ. ಸುತ್ತ ಕೂತಿದ್ದ ದೊಡ್ಡವರು ಎಷ್ಟು ಸಂಭಾವಿತರು ಎನ್ನುವಂತೆ ತಲೆದೂಗಿದರು. ಅವರು ಸಂಭಾವಿತರಂತೆ, ಕಾಲು ನೋಡಿ ಎಂದ ಮುನಿರತ್ನ ಗಂಡುಬೀರಿಯಂತೆ. ಅವಳು ಮತ್ತೂ ಒಂದು ಮಾಡಿದಳು. ಬಲಗೈಯಲ್ಲಿ ಲಂಗವನ್ನು ಗೇಣುದ್ದ ಎತ್ತಿ ಹಿಡಿದು, "ಈಗ ನೋಡಿ," ಎಂದಳು. ಹುಡುಗರು ಸಿಳ್ಳೆ ಹಾಕಿದರು. ನಮ್ಮ ಡ್ರಿಲ್ ಮೇಷ್ಟ್ರು ಪಾಪ, "ವದ್ದಮ್ಮಾ, ಬೇಡಮ್ಮ, ಬಾರಮ್ಮ," ಎಂದು ಎರಡು ಭಾಷೆಯಲ್ಲೂ ಬೇಡಿಕೊಂಡು ಅವಳನ್ನು ಹೊರಗೆ ಕರೆದುಕೊಂಡರು. ಆಟ ಮುಗಿಯುವವರೆಗೆ ಅವಳು ಗೆರೆಯಾಚೆ ಕೂತಿದ್ದಳು.

ಸಂಜೆ ಹತ್ತು ಹೆಸರು ಓದಿದರು. ಅದರಲ್ಲಿ ಒಂದು ನನ್ನದು.

"ಈ ಹುಡುಗಿಯನ್ನು ನೋಡಿ ಕಲೀರಿ," ಎಂದರು ಆ ಮಹಾನುಭಾವರು ನನ್ನನ್ನು ಎದ್ದು ನಿಲ್ಲಿಸಿ. "ಇಡೀ ಆಟದಲ್ಲಿ ಒಂದೇ ಒಂದು ಟ್ರಾವೆಲಿಂಗ್ ಇಲ್ಲ. ಎಷ್ಟು ಅಚ್ಚುಕಟ್ಟು!"

ಆ ಆಟದಲ್ಲಿ ನಾನು ಎಷ್ಟು ಸಲ ನಾಟಿ ಎತ್ತಿದ್ದೆನೋ ದೇವರಿಗೇ ಗೊತ್ತು. ಗೋಣಿಚೀಲದಂಥ ಲಂಗದೊಳಗೆ ಎರಡು ಕಾಲೂ ಜಾತ್ರೆಗೆ ಹೋಗಿ ಬಂದಿದ್ದವು. ಸಾರ್, ನಾನು ತುಂಬ ಸಲ ಎತ್ತಿದೆ, ಅವಳು ಒಂದು ಸಲವೂ ಎತ್ತಲಿಲ್ಲ ಎಂದು ಹೇಳುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಹೇಳಲಿಲ್ಲ. ಹೆದರಿಕೆ ಎನ್ನಬಹುದು, ಆದರೆ ಹೆದರಿಕೆ ಒಂದೇ ಅಲ್ಲ. ಯಾವ ಆಟದಲ್ಲೂ ಯಾರೂ ನನ್ನನ್ನು ಹೊಗಳಿರಲಿಲ್ಲ, ಆ ಹೊಗಳಿಕೆ ನನಗೆ ಸಿಹಿಯಾಗಿತ್ತು. ಆ ಮೇಷ್ಟ್ರ ಮೇಲೆ ನನಗೆಷ್ಟು ಸಿಟ್ಟಿದೆಯೋ ಅದರ ಎರಡರಷ್ಟು ಆ ಹುಡುಗಿಯ ಮೇಲಿದೆ, ಕೈ ಕಟ್ಟಿಕೊಂಡು ಎದ್ದು ನಿಂತು ಮುಗುಳ್ನಕ್ಕ ಹುಡುಗಿಯ ಮೇಲೆ.

ಮನೆಗೆ ಬಂದು ಅಜ್ಜಿಗೆ, ಮುನಿರತ್ನ ಪ್ರಯಾಣ ಮಾಡಿದ್ದು ತಪ್ಪು ಅಂತ ಹೊರಗೆ ಕೂರಿಸಿದರು ಎಂದೆ.

"ಸದ್ಯ, ಆ ಮೇಷ್ಟ್ರಿಗಾದ್ರೂ ಶಾಸ್ತ್ರ ಗೊತ್ತಿದೆ," ಎಂದರು ಅಜ್ಜಿ. "ಶುಕ್ರವಾರ ಬೇಡ ಅಂದ್ರೆ ನೀವೆಲ್ಲಿ ಕೇಳಿದ್ರಿ?"

ಅಲ್ಲಜ್ಜಿ ಎಂದು ಅಡುಗೆಮನೆಯಲ್ಲೇ ಎಡಗಾಲು ನೆಟ್ಟು, ಬಲಗಾಲು ತಿರುಗಿಸಿ, ತೆಂಗಿನಕಾಯಿ ಹಿಡಿದು ಎಲ್ಲ ವಿವರಿಸಿದೆ. ಅಜ್ಜಿ ಸೌಟು ಕೆಳಗಿಟ್ಟು ಪೂರ್ತಿ ಕೇಳಿದರು. ಓದು ಬರದ ಆ ಮುದುಕಿಗೆ ನಾನು ಆರು ತಿಂಗಳಲ್ಲಿ ಕಲಿಯದ ನಿಯಮ ಆರು ನಿಮಿಷದಲ್ಲಿ ಅರ್ಥವಾಯಿತು. "ಅಲ್ಲ ಕಣೇ, ಕಾಲು ನೋಡೋದು ಮರ್ಯಾದೆ ಅಲ್ಲ ಅನ್ನೋನು ಆ ಕೆಲ್ಸಕ್ಕೆ ಯಾಕೆ ಬಂದ? ಮನೇಲಿರ್ಬೇಕಾಗಿತ್ತು," ಎಂದರು. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ, "ನೀನೇನು ಅಂದೆ?" ಎಂದು ಕೇಳಿದರು. ನಾನು ತೆಂಗಿನಕಾಯಿಯನ್ನು ಅದರ ಜಾಗದಲ್ಲಿ ಇಟ್ಟು ಹೊರಗೆ ಬಂದೆ.

ಸೋಮವಾರ ಸ್ಕೂಲಿಗೆ ಹೋಗುವಾಗ ಮುನಿರತ್ನ ಮಾತು ಬಿಡುತ್ತಾಳೆ ಎಂದುಕೊಂಡಿದ್ದೆ, ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಗಂಟೆ ಹೊಡೆದ ಮೇಲೆ ನನ್ನ ಕೈ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದಳು. "ಇಂಗೇ ಹೋದ್ರೆ ಕೋಲಾರದಾಗೆ ನಗ್ತಾರೆ ಕಣೇ. ಬಾ ಇಲ್ಲಿ," ಎಂದು ನನಗೆ ಚೆಂಡು ಕೊಟ್ಟು, ತಾನು ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡು ಕೈಯಲ್ಲೂ ನನ್ನ ಎಡಗಾಲನ್ನು ನೆಲಕ್ಕೆ ಅದುಮಿ ಹಿಡಿದಳು. "ಈಗ ತಿರುಗು. ಎತ್ತಿದ್ರೆ ಕೊಲ್ತೀನಿ." ನಾಲ್ಕು ದಿನ ಹೀಗೆ ಮಾಡಿದಳು. ಸೊಪ್ಪು ಕೊಯ್ದು ಒರಟಾದ ಕೈ ಅವಳದು. ನಾನು ತಿರುಗುವಾಗ ಎಷ್ಟು ಸಲ ಅವಳ ಬೆರಳು ತುಳಿದೆನೋ, ಒಂದು ಸಲವೂ ಹಾ ಎನ್ನಲಿಲ್ಲ.

ಮುಂದಿನದೆಲ್ಲ ಏನೂ ವಿಶೇಷವಲ್ಲ. ಟ್ರೈನಿಂಗಿಗೆ ಅವಳು ಅರ್ಜಿ ಹಾಕಿದಳು, ಜಿಲ್ಲೆಯ ಸರ್ಟಿಫಿಕೇಟು ಎಲ್ಲಿ ಎಂದರು, ಅಲ್ಲಿಗೆ ಮುಗಿಯಿತು. ಅಪ್ಪ ತನ್ನ ಮಾತಿನಂತೆ ಓದು ನಿಲ್ಲಿಸಿದ. ಕೈವಾರದ ಕಡೆಗೆ ಮದುವೆಯಾಗಿ ಹೋದಳು. ಒಳ್ಳೆಯ ಗಂಡ, ಹಸು, ಹೊಲ, ಉಣ್ಣುವುದಕ್ಕೆ ಉಡುವುದಕ್ಕೆ ಕೊರತೆಯಿಲ್ಲ. ಅಯ್ಯೋ ಪಾಪ ಎನ್ನುವಂಥದ್ದು ಏನೂ ಆಗಲಿಲ್ಲವಾದ್ದರಿಂದ, ಅನ್ಯಾಯವಾಗಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ನನ್ನನ್ನು ಉರಿಸುವುದು ಇದೇ. ನನಗೆ ಆ ಸರ್ಟಿಫಿಕೇಟು ಯಾತಕ್ಕೂ ಬೇಕಾಗಲಿಲ್ಲ. ನಾನು ಕನ್ನಡ ಟೀಚರಾದೆ. ಆ ಕೆಲಸಕ್ಕೆ ಯಾವ ಕಾಲನ್ನೂ ನೆಡಬೇಕಾಗಿಲ್ಲ.

ಆದರೆ ಕೋಲಾರದಿಂದ ವಾಪಸು ಬಂದ ದಿನದ್ದೊಂದು ಉಳಿದಿದೆ. ಚಿಂತಾಮಣಿಯ ಮೇಲೆ ಬಂದ ಬಸ್ಸಿನಿಂದ ನಾನು ಇಳಿದಾಗ ಮಧ್ಯಾಹ್ನದ ಬಿಸಿಲು. ಮುನಿರತ್ನ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮುಖ ಕೆಂಪಾಗಿತ್ತು.

"ಎಷ್ಟು ಸಲ ಊದಿದ್ರೇ?" ಇದೇ ಅವಳ ಮೊದಲ ಮಾತು.

"ಆರು ಸಲ," ಎಂದೆ. ನನಗೆ ಅವತ್ತಾದರೂ ಸುಳ್ಳು ಹೇಳಬೇಕೆನ್ನಿಸಲಿಲ್ಲ.

"ಎತ್ತಿದ್ಯಾ?"

"ಎತ್ತಿದ್ದೆ. ಆರು ಸಲಾನೂ ಎತ್ತಿದ್ದೆ."

ಅವಳು ನಕ್ಕಳು. ಆಮೇಲೆ ಏನೋ ಹೊಳೆದವಳಂತೆ ನಗು ನಿಲ್ಲಿಸಿ, "ಅಂಗಾರೆ ಕಾಲು ನೋಡಿ ಊದಿದ್ರಾ? ಯಾರು ಊದಿದ್ದು?" ಎಂದಳು.

"ಒಬ್ಬರು ಡ್ರಿಲ್ ಟೀಚರ್ ಕಣೇ. ಹೆಂಗಸು. ಕೊರಳಿಗೆ ವಿಷಲ್ ಹಾಕ್ಕೊಂಡಿದ್ರು. ಆಟಕ್ಕೆ ಮುಂಚೆ ಎಲ್ಲರ ಲಂಗಾನೂ ದಾರದಲ್ಲಿ ಗೇಣುದ್ದ ಮೇಲಕ್ಕೆ ಕಟ್ಟಿಸಿದ್ರು. ಕಾಲು ಕಾಣ್ದಿದ್ರೆ ನಾನು ಊದೋದು ಹೆಂಗಮ್ಮ, ಅಂದ್ರು. ಬಗ್ಗಿ ಬಗ್ಗಿ ನೋಡ್ತಿದ್ರು."

ಚಿಕ್ಕಬಳ್ಳಾಪುರದಲ್ಲಿ ಅಳದಿದ್ದವಳು, ನನ್ನ ಕಾಲು ಹಿಡಿದು ಕೂತಾಗ ಅಳದಿದ್ದವಳು, ಅಲ್ಲೇ ಮೂಟೆಗಳ ಪಕ್ಕ ಕಲ್ಲಿನ ಮೇಲೆ ಕೂತು ಜೋರಾಗಿ ಅತ್ತಳು. ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಯಾರಾದರೂ ಹೋಗಿಬಿಟ್ಟರೇನಮ್ಮ ಎಂದು ಒಬ್ಬ ಮುದುಕಿ ಕೇಳಿದಳು. ನಾನು ಗೆಳತಿಗೆ ಸಲ್ಲಬೇಕಾಗಿದ್ದ ಸರ್ಟಿಫಿಕೇಟನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದೆ.

"ಅವರ ಮುಂದೆ ನಾನು ಆಡ್ಬೇಕಾಗಿತ್ತು ಕಣೇ," ಎಂದಳು ಮುನಿರತ್ನ. "ಒಂದೇ ಒಂದ್ಸಲ."